ಎರಡು ಹೆಸರಿನ ಕೇಕು

ಡಿಸೆಂಬರ್ ೪, ಬುಧವಾರ

ನಮ್ಮವರು ಇವತ್ತು ಅಯ್ಯಪ್ಪನ ಮಾಲೆ ಹಾಕಿಕೊಂಡರು. ಬೆಳಿಗ್ಗೆ ತಣ್ಣೀರು ಸ್ನಾನ ಮಾಡಿ, ಭಜನೆ ಮನೆಗೆ ಹೋಗಿ, ಆಂಜನಪ್ಪ ಗುರುಸ್ವಾಮಿಗಳ ಕೈಯಿಂದ ಹಾಕಿಸಿಕೊಂಡು ಬಂದು ಕಪ್ಪು ಪಂಚೆಯಲ್ಲಿ ನಡುಮನೆಯಲ್ಲಿ ನಿಂತರು. ನಾನು ಕೈಯಲ್ಲಿದ್ದ ಹಾಲಿನ ಪಾತ್ರೆ ಕೆಳಗಿಡುವುದನ್ನೂ ಮರೆತು ನೋಡಿದೆ. ಫ್ಯಾಕ್ಟರಿಯ ಜೊತೆಗಾರರೆಲ್ಲ ಹೋದ ತಿಂಗಳೇ ಹಾಕಿದ್ದರು. ಇವರು ಮಾತ್ರ ‘ನೋಡಾನ, ನೋಡಾನ’ ಎಂದು ತಳ್ಳುತ್ತಾ ಬಂದಿದ್ದರು.

ಈ ಪುಸ್ತಕ ಮುಟ್ಟಿ ಎಷ್ಟೋ ತಿಂಗಳಾಯಿತು. ಬರೆಯಲು ಏನಿತ್ತು? ಕಣ್ಣೀರು ಹಾಕಿದೆ, ಮಲಗಿದೆ, ಊರವರ ಮಕ್ಕಳ ಹುಟ್ಟಿದಹಬ್ಬಕ್ಕೆ ಕೇಕ್ ಮಾಡಿ ಅವುಗಳ ಮೇಲೆ ಊರವರ ಮಕ್ಕಳ ಹೆಸರು ಬರೆದೆ. ಇವತ್ತು ಬರೆಯುತ್ತಿರುವುದು ಒಂದು ವಿಷಯ ಹೊಳೆದಿದ್ದಕ್ಕೆ. ಯಾರಿಗಾದರೂ ಹೇಳಿದರೆ ದೃಷ್ಟಿ ತಾಕೀತು ಎಂಬ ಭಯ, ಹಾಗಾಗಿ ಇಲ್ಲಿ.

ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಮಾಲೆ ಹಾಕುವಂತಿಲ್ಲ. ಇದು ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತು. ಹೋದ ವರ್ಷ ಡಿಸೆಂಬರ್ ಹತ್ತನೇ ತಾರೀಕು ನಮ್ಮ ನವ್ಯ ಉರಿಗಾಂನ ರಾಜ್‌ಕುಮಾರನನ್ನು ರಿಜಿಸ್ಟರ್ ಮದುವೆಯಾದಳೆಂದು ಸುದ್ದಿ ಬಂದಾಗ ಇವರು ಹಿತ್ತಲಿಗೆ ಹೋಗಿ ತಲೆಯ ಮೇಲೆ ನೀರು ಹುಯ್ದುಕೊಂಡು ಬಂದರು. ಸತ್ತವರಿಗೆ ಮಾಡುವ ಸ್ನಾನ. ‘ಇದ್ದ ಒಬ್ಳು ಮಗ್ಳು ತೀರ್ಕೊಂಡ್ಳು’ ಎಂದರು. ಹುಡುಗ ಬೇರೆ ಜಾತಿ, ಮನೆಮಾತು ತಮಿಳು, ತಾತನ ಕಾಲದಿಂದ ಚಿನ್ನದ ಗಣಿಯ ಕೂಲಿಗಳ ಲೈನ್ ಮನೆಯಲ್ಲಿ ಇರುವವರು. ಅಷ್ಟೇ ಸಾಕಾಗಿತ್ತು. ಅವತ್ತಿನಿಂದ ಆ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತುವಂತಿಲ್ಲ.

ಆದರೆ ಹತ್ತನೇ ತಾರೀಕು ಇನ್ನೂ ಬಂದಿಲ್ಲ. ವರ್ಷ ತುಂಬಿಲ್ಲ. ಅವಳು ಸತ್ತಿದ್ದಾಳೆ ಎಂದು ಇವರ ಮನಸ್ಸಿನಲ್ಲಿ ನಿಜವಾಗಿ ಇದ್ದಿದ್ದರೆ ಮಾಲೆ ಮುಟ್ಟುತ್ತಿದ್ದರೇ? ಶಾಸ್ತ್ರದಲ್ಲಿ ಕೂದಲೆಳೆಯಷ್ಟೂ ಬಿಡದ ಮನುಷ್ಯ ಇವರು. ಬಾಯಲ್ಲಿ ಸತ್ತಳು ಅಂತಾರೆ, ಮನಸ್ಸು ಒಪ್ಪಿಲ್ಲ. ಹಾಗೇ ಇರಬೇಕು. ಹಾಗಲ್ಲದೆ ಬೇರೆ ಏನಿರುತ್ತದೆ?

ಡಿಸೆಂಬರ್ ೭, ಶನಿವಾರ

ಮಾಲೆಯ ಮನೆಗೆ ಮೊಟ್ಟೆ ಬರುವಂತಿಲ್ಲ. ಮೊಟ್ಟೆಯಿಲ್ಲದೆ ಕ್ರಿಸ್ಮಸ್ ಕೇಕ್ ಆಗುವುದಿಲ್ಲ. ಆಂಡರ್ಸನ್‌ಪೇಟೆಯ ಅರ್ಧ ಜನ ನನ್ನ ಪ್ಲಮ್ ಕೇಕಿಗೆ ಆಗಲೇ ಹೇಳಿಬಿಟ್ಟಿದ್ದಾರೆ. ಕೊನೆಗೆ ಎದುರು ಮನೆಯ ಅರುಳ್‌ಮೇರಿ ತನ್ನ ಮನೆ ಹಿಂದಿನ ಶೆಡ್ ಬಿಟ್ಟುಕೊಟ್ಟಳು. ಓವನ್, ತಟ್ಟೆಗಳು, ರಮ್ಮಿನಲ್ಲಿ ನೆನೆಹಾಕಿದ ಒಣದ್ರಾಕ್ಷಿ ಜಾಡಿ, ಎಲ್ಲಾ ಅಲ್ಲಿಗೆ ಹೋಯಿತು.

‘ನಿಮ್ ಸಾಮಿ ಅಲ್ಲಿ ಶರಣಂ ಅಯ್ಯಪ್ಪಾ ಅಂತಾರೆ, ನೀವ್ ಇಲ್ಲಿ ಮೊಟ್ಟೆ ಒಡೀತೀರಾ. ಎರಡೂ ದೇವ್ರ ಕೆಲ್ಸಾನೇ ಅಕ್ಕಾ’ ಎಂದು ನಗುತ್ತಾಳೆ ಅವಳು.

ನಗುವುದು ಅವಳಿಗೆ ಸುಲಭ. ಮೊಟ್ಟೆ ಮುಟ್ಟಿದ ಮೇಲೆ ತಲೆಗೆ ಸ್ನಾನ ಮಾಡದೆ ನಾನು ನಮ್ಮ ಹೊಸಿಲು ದಾಟುವಂತಿಲ್ಲ. ಈ ಚಳಿಯಲ್ಲಿ ಎರಡು ಹೊತ್ತು ತಲೆ ನೆನೆಸಿ ಮೂಗು ಕಟ್ಟಿದೆ. ಬದಲಿಸಲು ಎರಡು ಸೀರೆ ಶೆಡ್ಡಿನಲ್ಲೇ ಇಟ್ಟಿದ್ದೇನೆ. ಅಡುಗೆಗೆ ಊರಿನಿಂದ ನಮ್ಮತ್ತೆ ಅಕ್ಕಯ್ಯಮ್ಮ ಬಂದಿದ್ದಾರೆ.

ಡಿಸೆಂಬರ್ ೧೦, ಮಂಗಳವಾರ

ಇವತ್ತಿಗೆ ವರ್ಷ.

ಬೆಳಗಿನಿಂದ ಇವರ ಮುಖವನ್ನೇ ನೋಡುತ್ತಿದ್ದೆ. ಪೂಜೆ ಮಾಡಿದರು, ಉಪ್ಪಿಟ್ಟು ತಿಂದರು, ಫ್ಯಾಕ್ಟರಿ ಬಸ್ಸಿಗೆ ಹೋದರು. ಸತ್ತವಳೇ ಆಗಿದ್ದರೆ ಇವತ್ತು ತಿಥಿ ಮಾಡಬೇಕಿತ್ತಲ್ಲ? ಎಡೆ ಇಡಬೇಕಿತ್ತಲ್ಲ? ಏನೂ ಮಾಡಲಿಲ್ಲ. ನನಗೆ ಅಷ್ಟು ಸಾಕು. ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಸಂತೋಷಕ್ಕೋ ದುಃಖಕ್ಕೋ ನನಗೇ ಗೊತ್ತಾಗಲಿಲ್ಲ.

ಡಿಸೆಂಬರ್ ೧೫, ಭಾನುವಾರ

ಕೇಳಿಬಿಟ್ಟೆ.

ಮಾಲೆ ಹಾಕಿದವರು ಕೋಪ ಮಾಡಿಕೊಳ್ಳುವಂತಿಲ್ಲ, ಕೆಟ್ಟ ಮಾತು ಆಡುವಂತಿಲ್ಲ, ಎದುರಿಗೆ ಯಾರೇ ಬಂದರೂ ಸ್ವಾಮಿ ಎಂದೇ ಕರೆಯಬೇಕು. ಮದುವೆಯಾಗಿ ಇಷ್ಟು ವರ್ಷಕ್ಕೆ ನನಗೆ ಬೈಗುಳವಿಲ್ಲದ ಒಂದು ತಿಂಗಳು ಸಿಕ್ಕಿದೆ. ಈಗ ಕೇಳದಿದ್ದರೆ ಇನ್ನು ಯಾವಾಗ?

ಶಬರಿಮಲೆಗೆ ಹೊರಡುವ ದಿನ ಇರುಮುಡಿ ಕಟ್ಟುತ್ತಾರೆ. ತಲೆಯ ಮೇಲೆ ಹೊತ್ತೊಯ್ಯುವ ಆ ಗಂಟಿಗೆ ಮನೆಯವರು, ನೆಂಟರು, ಬೇಕಾದವರು ಒಬ್ಬೊಬ್ಬರೇ ಬಂದು ಹಿಡಿ ಅಕ್ಕಿ ಹಾಕಬೇಕು. ಹೊರಡುವವನ ಜೊತೆ ಅವರ ಪ್ರಾರ್ಥನೆಯೂ ಬೆಟ್ಟ ಹತ್ತುತ್ತದೆ. ಅದನ್ನೇ ಹಿಡಿದುಕೊಂಡು ಕೇಳಿದೆ.

‘ಸ್ವಾಮಿ, ಇರುಮುಡಿಗೆ ಅಕ್ಕಿ ಹಾಕೋಕೆ ಯಾರು ಬೇಕಾದ್ರೂ ಬರ್ಬೋದಾ?’

‘ಬರ್ಬೋದು ಸ್ವಾಮಿ.’

‘ಯಾರ್ ಬಂದ್ರೂ?’

ಅವರು ನನ್ನ ಮುಖ ನೋಡಲಿಲ್ಲ. ದೀಪದ ಬತ್ತಿ ಸರಿಮಾಡುತ್ತಿದ್ದರು. ‘ಬಂದೋರ್ನ ಬ್ಯಾಡ ಅನ್ನಂಗಿಲ್ಲ ಸ್ವಾಮಿ’ ಎಂದರು.

ಅವರಿಗೆ ಗೊತ್ತಾಗಿದೆ ನಾನು ಯಾರ ಬಗ್ಗೆ ಕೇಳಿದ್ದೆಂದು. ಗೊತ್ತಾಗಿಯೇ ಹೇಳಿದ್ದಾರೆ.

ಡಿಸೆಂಬರ್ ೨೨, ಭಾನುವಾರ

ನವ್ಯ ಬಂದಿದ್ದಳು.

ಅರುಳ್‌ಮೇರಿಯ ಕೈಲಿ ಹೇಳಿಕಳಿಸಿದ್ದೆ. ಮಧ್ಯಾಹ್ನ ಇವರು ಭಜನೆಗೆ, ಅತ್ತೆ ನಿದ್ದೆಗೆ ಹೋದ ಹೊತ್ತಿನಲ್ಲಿ ಹಿಂದಿನ ಗೇಟಿನಿಂದ ಬಂದಳು. ಬಸುರಿ, ಏಳು ತಿಂಗಳು ತುಂಬಿದೆ ಅವಳಿಗೆ. ಫೋನಿನಲ್ಲಿ ಹೇಳಿದ್ದಳು, ಕಣ್ಣಲ್ಲಿ ನೋಡಿರಲಿಲ್ಲ. ಕಾಲು ಊದಿಕೊಂಡಿವೆ. ಬೆಂಚಿನ ಮೇಲೆ ಕೂರಿಸಿ, ಆಗ ತಾನೇ ಇಳಿಸಿದ ಕೇಕಿನ ಅಂಚು ಕತ್ತರಿಸಿ ಕೊಟ್ಟೆ. ಚಿಕ್ಕವಳಿದ್ದಾಗಿನಿಂದ ಅವಳಿಗೆ ನಡುವಿನ ಭಾಗ ಬೇಡ, ಅಂಚೇ ಬೇಕು.

‘ಅಪ್ಪ ಮಾಲೆ ಹಾಕವ್ರಂತೆ? ನಿಜವಾ?’

‘ಹೂಂ.’

‘ವರ್ಷ ಆಗೋಕ್ ಮುಂಚೇನೇ?’

ನೋಡಿ, ನಾನು ಹೇಳುವ ಮುಂಚೆ ಅವಳೇ ಲೆಕ್ಕ ಹಾಕಿಕೊಂಡು ಬಂದಿದ್ದಳು! ನಾನು ಎಲ್ಲಾ ಹೇಳಿದೆ. ಹತ್ತನೇ ತಾರೀಕು ಉಪ್ಪಿಟ್ಟು ತಿಂದಿದ್ದು, ಬಂದವರನ್ನು ಬೇಡ ಅನ್ನುವಂತಿಲ್ಲ ಎಂದಿದ್ದು. ಹೇಳುತ್ತಾ ಹೇಳುತ್ತಾ ನನ್ನ ಬಾಯಲ್ಲಿ ಅದು ಸ್ವಲ್ಪ ಬೆಳೆಯಿತು. ‘ನಿಮ್ಮಪ್ಪ ಒಪ್ಕೊಂಡಂಗೇ ಕಣೆ. ಬರೋ ತಿಂಗ್ಳು ಹನ್ನೊಂದನೇ ತಾರೀಕು ಇರುಮುಡಿ. ಬಂದು ಅಕ್ಕಿ ಹಾಕು, ಸಾಕು’ ಎಂದೆ.

ಅವಳು ಅಳುತ್ತಾ ಕೇಕ್ ತಿಂದಳು. ಹೋಗುವಾಗ ಕೇಳಿದಳು: ‘ಐದನೇ ತಾರೀಕು ಕೇಕ್ ಮಾಡ್ತೀಯಾ ಅಮ್ಮ? ಅಪ್ಪಂದು ಹೆಸ್ರು ಬರೀತೀಯಾ?’

ಜನವರಿ ಐದು ಅವಳು ಹುಟ್ಟಿದ ದಿನ. ಅವರಪ್ಪನಿಗೆ ಹುಟ್ಟಿದ ದಿನವೇ ಇರಲಿಲ್ಲ. ಬೂದಿಕೋಟೆ ಕಡೆಯ ಹಳ್ಳಿಯಲ್ಲಿ ಹುಟ್ಟಿದ್ದನ್ನು ಯಾರು ಬರೆದಿಟ್ಟಿದ್ದಾರೆ? ಶಾಲೆಗೆ ಸೇರಿಸುವಾಗ ಮೇಷ್ಟ್ರು ಎಲ್ಲಾ ಮಕ್ಕಳಿಗೂ ಜೂನ್ ಒಂದು ಎಂದು ಬರೆದುಕೊಂಡರು. ಇದು ಗೊತ್ತಾದಾಗ ನವ್ಯ ಎರಡನೇ ಕ್ಲಾಸಿನಲ್ಲಿದ್ದಳು. ‘ಅಯ್ಯೋ ಪಾಪ, ಅಪ್ಪಾ, ನಂದ್ರಲ್ಲಿ ಅರ್ಧ ತಗೋ’ ಎಂದಳು. ಅವತ್ತಿನಿಂದ ಒಂದೇ ಕೇಕು, ಎರಡು ಹೆಸರು, ಒಂದೇ ಚಾಕುವಿನ ಮೇಲೆ ಇಬ್ಬರ ಕೈ. ಕಾರ್ಖಾನೆಯ ಗ್ರೀಸು ಉಗುರಿನಲ್ಲಿರುವ ಗಂಡಸು ಮೊಂಬತ್ತಿ ಊದುವಾಗ ನಾಚಿಕೊಳ್ಳುತ್ತಿದ್ದುದನ್ನು ನೋಡಬೇಕಿತ್ತು.

ಡಿಸೆಂಬರ್ ೨೫, ಬುಧವಾರ

ಎಲ್ಲಾ ಕೇಕು ಹೋಯಿತು. ಬೀದಿಯ ತುಂಬಾ ನಕ್ಷತ್ರ ದೀಪ, ಹೊಸ ಬಟ್ಟೆ. ಅರುಳ್‌ಮೇರಿಯ ಮನೆಗೆ ಹೆಣ್ಣುಮಕ್ಕಳು, ಅಳಿಯಂದಿರು ಬಂದಿದ್ದಾರೆ. ಊಟಕ್ಕೆ ಕರೆದಳು. ಸ್ವಲ್ಪ ಹೊತ್ತು ಕೂತಿದ್ದು, ತಲೆನೋವು ಎಂದು ಎದ್ದು ಶೆಡ್ಡಿಗೆ ಬಂದೆ. ಬೇರೆಯವರ ಮಕ್ಕಳು ತವರಿಗೆ ಬಂದು ಗಲಾಟೆ ಮಾಡುವುದನ್ನು ಕೇಳಲಾಗಲಿಲ್ಲ. ಹೊಟ್ಟೆಕಿಚ್ಚು, ಮತ್ತೇನು.

ಜನವರಿ ೧, ಬುಧವಾರ

ರಾಬರ್ಟ್‌ಸನ್‌ಪೇಟೆಗೆ ಹೋಗಿ ಕೇಕ್ ಡಬ್ಬಿ, ಕ್ರೀಮು ತಂದೆ. ಹೊಸ ವರ್ಷಕ್ಕೆ ಕೇಕ್ ಕತ್ತರಿಸದ ಮನೆ ಕೆಜಿಎಫ್‌ನಲ್ಲಿ ಯಾವುದಿದೆ? ಭುಜ ಎತ್ತಲಾಗುತ್ತಿಲ್ಲ. ಮೂಗು ಕಟ್ಟಿ ರುಚಿಯೂ ತಿಳಿಯುತ್ತಿಲ್ಲ. ಸಕ್ಕರೆ ಸರಿಯಿದೆಯಾ ಎಂದು ಅರುಳ್‌ಮೇರಿಯನ್ನು ಕೇಳಬೇಕು.

ಸ್ನಾನ ಮಾಡಿ ಮಾಡಿ ಸಾಕಾಗಿ, ಮಧ್ಯಾಹ್ನ ಮಲಗಲು ಒಂದು ದಿಂಬು ಇಲ್ಲಿಗೇ ತಂದುಕೊಂಡೆ. ಈ ಪುಸ್ತಕವೂ ಈಗ ಇಲ್ಲೇ ಇರುತ್ತದೆ.

ಜನವರಿ ೫, ಭಾನುವಾರ

ಹೇಗೆ ಬರೆಯಲಿ.

ಮೊಟ್ಟೆ ಹಾಕದೆ, ಮೊಸರು ಹಾಕಿ, ನಮ್ಮ ಮನೆಯ ಒಲೆಯ ಮೇಲೆ ಕುಕ್ಕರಿನಲ್ಲೇ ಕೇಕ್ ಮಾಡಿದೆ. ಮಡಿಯಲ್ಲಿ ಮಾಡಿದ ಕೇಕ್ ಬಹುಶಃ ಲೋಕದಲ್ಲಿ ಇದೊಂದೇ. ಮೇಲೆ ‘ಮುನೇಶ್’ ಎಂದು ಬರೆದೆ. ಹೆಸರನ್ನು ಎಡಗಡೆಗೆ ಒತ್ತಿ ಬರೆದೆ. ಬಲಗಡೆ ಜಾಗ ಖಾಲಿ ಬಿಟ್ಟೆ.

ಬೆಳಗಿನ ಪೂಜೆ ಮುಗಿಸಿ ಬಂದವರು ಮೇಜಿನ ಮುಂದೆ ನಿಂತರು. ಖಾಲಿ ಜಾಗವನ್ನೇ ನೋಡಿದರು, ಅದು ನನಗೆ ಗೊತ್ತು.

‘ಯಾರ್ ಹುಟ್ಟಿದಬ್ಬ ಸ್ವಾಮಿ ಇದು?’

‘ನಿಮ್ದು ಸ್ವಾಮಿ. ಪ್ರತಿ ವರ್ಷ ಮಾಡ್ತಿದ್ವಲ್ಲ.’

‘ನಂದು ಜೂನ್ ಒಂದು ಸ್ವಾಮಿ. ಸರ್ಟಿಫಿಕೇಟ್‌ನಾಗೆ ಐತೆ ನೋಡಿ.’

ದನಿಯಲ್ಲಿ ಕೋಪದ ಹನಿಯೂ ಇರಲಿಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು ಭಜನೆ ಮನೆಗೆ ಹೊರಟುಹೋದರು. ಬೈದಿದ್ದರೂ ಚೆನ್ನಾಗಿತ್ತು.

ನಾನು ಕುಸಿದು ಕೂತಿದ್ದನ್ನು ನೋಡಿ ಅತ್ತೆ ಬಂದು ಬೆನ್ನು ಸವರಿದರು. ಅವರಿಗೂ ಕಣ್ಣಲ್ಲಿ ನೀರು.

‘ಅಳ್ಬ್ಯಾಡ ಕಣಮ್ಮಿ. ಅವತ್ತು ಎಡೆ ಇಕ್ದಾಗ್ಲೂ ನಾನು ಕೇಕೇ ಇಕ್ಸಿದ್ದೆ. ಬಂಗಾರಪೇಟೆ ಬೇಕರೀಲಿ ತರ್ಸಿ. ಮಗೀಗೆ ಇಷ್ಟ ಅಲ್ವಾ.’

‘ಯಾವ ಎಡೆ ಅತ್ತೆ?’

‘ಅದೇ, ವರ್ಸದ್ದು. ಕಾರ್ತೀಕ ಬೌಳ ತ್ರಯೋದಸಿ. ಊರಾಗೆ ಮಾಡುದ್ವಿ. ನಿಂಗ್ ಏಳ್ಬ್ಯಾಡ ಅಂದಿದ್ದ ಅವ್ನು, ಸುಮ್ಕೆ ಅಳ್ತಾಳೆ ಅಂತ. ಅದ್ ಮುಗೀಲಿ ಅಂತ್ಲೇ ಅಲ್ವಾ ಮಾಲೆ ತಡ ಆಗಿದ್ದು?’

ಗೋಡೆಯ ಮೇಲೆ ಹೋದ ವರ್ಷದ ಕ್ಯಾಲೆಂಡರ್ ಇನ್ನೂ ಹೊಸದರ ಹಿಂದೆ ನೇತಾಡುತ್ತಿತ್ತು. ನವೆಂಬರ್ ತೆಗೆದು ನೋಡಿದೆ. ತ್ರಯೋದಶಿ ತಿಂಗಳ ಕೊನೆಯಲ್ಲಿದೆ. ರಾಗಿ ಕೊಯ್ಲಿದೆ ಎಂದು ಅವರು ಊರಿಗೆ ಹೋಗಿದ್ದು ಅವತ್ತೇ. ನಾನೇ ತಿಂಡಿ ಕಟ್ಟಿಕೊಟ್ಟು ಕಳಿಸಿದ್ದೆ.

ಹುಟ್ಟಿದಹಬ್ಬ ಮಾಡುವುದು ತಾರೀಕು ನೋಡಿ, ಸತ್ತವರದು ಮಾಡುವುದು ತಿಥಿ ನೋಡಿ. ತಿಥಿಯ ವರ್ಷ ತಾರೀಕಿನ ವರ್ಷಕ್ಕಿಂತ ಮುಂಚೆಯೇ ಮುಗಿದುಬಿಡುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವೇ? ನಾನು ಮಗಳನ್ನು ತಾರೀಕಿನಲ್ಲಿ ಎಣಿಸುತ್ತಿದ್ದೆ, ಅವರು ತಿಥಿಯಲ್ಲಿ ಎಣಿಸುತ್ತಿದ್ದರು. ಸೂತಕ ಪೂರ್ತಿ ಕಳೆದು, ಎಡೆ ಇಟ್ಟು, ಕೈ ತೊಳೆದುಕೊಂಡೇ ಮಾಲೆ ಹಾಕಿದ್ದಾರೆ.

ಕೇಕನ್ನು ಯಾರೂ ಮುಟ್ಟಲಿಲ್ಲ.

ಜನವರಿ ೬, ಸೋಮವಾರ

ಏನೂ ಬೇಡ.

ಜನವರಿ ೮, ಬುಧವಾರ

ಬರಬೇಡ ಎಂದು ಹೇಳಲು ಫೋನ್ ಮಾಡಿದೆ.

‘ಅಮ್ಮ, ಯಾವ ಸೀರೆ ಉಡ್ಲಿ? ಕಪ್ಪು ಬಾರ್ಡರ್ ಇದ್ರೆ ಪರ್ವಾಗಿಲ್ವಾ? ರಾಜು ಹೊಸ ಅಕ್ಕಿ ತಂದವ್ರೆ, ಕಲ್ಲು ಆರಿಸ್ತಾ ಕೂತಿದೀನಿ. ಮೂರು ಹಿಡಿ ಹಾಕ್ಬೇಕು ಅಲ್ವಾ? ಮಗೂದೂ ಸೇರಿಸಿ ನಾಲ್ಕು ಹಾಕ್ಬೋದಾ?’

ಒಂದೇ ಉಸಿರಿನಲ್ಲಿ ಮಾತಾಡುತ್ತಿದ್ದಳು. ಈ ವರ್ಷವೆಲ್ಲ ಅವಳ ಈ ದನಿ ಕೇಳಿರಲಿಲ್ಲ. ‘ಹಾಕ್ಬೋದು’ ಎಂದೆ.

ಎದುರಿಗೆ ಬಂದು ನಿಂತರೆ, ಆ ಹೊಟ್ಟೆ ನೋಡಿದರೆ, ಯಾವ ಅಪ್ಪ ತಾನೇ ಕಲ್ಲಾಗಿರುತ್ತಾನೆ? ಹಾಗೆಂದುಕೊಳ್ಳುತ್ತೇನೆ. ಮತ್ತೆ ಆ ಕೇಕಿನ ಎಡೆ ನೆನಪಾಗುತ್ತದೆ. ಮಗಳ ಪಾಲಿಗೆ ಮನೆಯಲ್ಲಿ ತುತ್ತು ಇಡದವರು ಊರಿನಲ್ಲಿ ಎಲೆ ಹಾಕಿ ಇಟ್ಟರು. ಅರುಳ್‌ಮೇರಿ ಏನಾಯ್ತಕ್ಕಾ ಎಂದು ಕೇಳುತ್ತಲೇ ಇದ್ದಾಳೆ. ಹೇಳಲಿಲ್ಲ. ಹೇಳಿದರೆ ಅವಳು ನವ್ಯಳಿಗೆ ಹೇಳಿಬಿಡುತ್ತಾಳೆ.

ನಾಳೆ ಹೇಳುತ್ತೇನೆ.

ಜನವರಿ ೯, ಗುರುವಾರ

ಹೇಳಲಿಲ್ಲ.

ಜನವರಿ ೧೧, ಶನಿವಾರ

ಬೆಳಿಗ್ಗೆ ಭಜನೆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬೊಬ್ಬ ಸ್ವಾಮಿಯೂ ಮೊಣಕಾಲೂರಿ ಚೀಲದ ಬಾಯಿ ಹಿಡಿದು ಕೂರುವುದು, ಆಂಜನಪ್ಪ ಗುರುಸ್ವಾಮಿಗಳು ತುಪ್ಪ ತುಂಬಿದ ತೆಂಗಿನಕಾಯಿ ಇಡುವುದು, ಮನೆಯವರು ಸಾಲಾಗಿ ಬಂದು ಅಕ್ಕಿ ಹಾಕುವುದು. ಶರಣು ಕೂಗಿನಲ್ಲಿ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ.

ನಮ್ಮವರ ಸರದಿ ಬಂತು. ಮೊದಲು ಅತ್ತೆ ಹಾಕಿದರು. ನಾನು ಹೆಜ್ಜೆ ಇಡುವುದರೊಳಗೆ ನವ್ಯ ಬಂದಳು. ಬಾಗಿಲ ಹೊರಗೆ ರಾಜ್‌ಕುಮಾರ ಚಪ್ಪಲಿ ಬಿಡುವ ಕಡೆಯೇ ನಿಂತಿದ್ದ. ಇವಳು ಒಂದು ಕೈ ಸೊಂಟಕ್ಕಿಟ್ಟು, ಇನ್ನೊಂದು ಕೈಯಲ್ಲಿ ಅಕ್ಕಿಯ ಡಬ್ಬಿ ಹಿಡಿದು, ಜನರ ನಡುವೆ ದಾರಿ ಮಾಡಿಕೊಂಡು ಬಂದು ಅವರಪ್ಪನ ಎದುರಿಗೆ ಕಷ್ಟಪಟ್ಟು ಬಗ್ಗಿದಳು. ಹಾಕಿದಳು. ಮೂರು ಹಿಡಿ. ಆಮೇಲೆ ಒಂದು ಚಿಟಿಕೆ.

ಅವರು ಚೀಲದ ಬಾಯಿ ಅಲುಗಿಸಲಿಲ್ಲ. ಅವಳ ಮುಖವನ್ನೂ ನೋಡಿದರು. ‘ಸ್ವಾಮಿ ಶರಣಂ’ ಎಂದರು ಅವರು. ಅವಳು ನಕ್ಕು ಹಿಂದೆ ಸರಿದಳು. ಆಗ ಇವರು ಗುರುಸ್ವಾಮಿಗಳ ಕಡೆ ತಿರುಗಿ ಮೆಲ್ಲಗೆ, ಬಹಳ ಮರ್ಯಾದೆಯಿಂದ ಹೇಳಿದರು.

‘ಗುರುಸ್ವಾಮಿ, ಈ ಅಕ್ಕಿ ಸುರಿದು ಬೇರೆ ಕಟ್ಟಿ. ಸತ್ತೋರ ಕೈ ಅಕ್ಕಿ ಬಿದ್ದೈತೆ.’

ಆಂಜನಪ್ಪನವರು ಅನುಮಾನಿಸಿದರು. ‘ಮುನೇಶ್ ಸ್ವಾಮಿ, ಬಸುರಿ ಎಣ್ಣು...’ ಎಂದರು. ಇವರು ಚೀಲವನ್ನು ಮುಂದೆ ಚಾಚಿ ಹಿಡಿದೇ ಕೂತರು. ಕೊನೆಗೆ ಗುರುಸ್ವಾಮಿಗಳು ಅಕ್ಕಿಯನ್ನು ಮೊರಕ್ಕೆ ಸುರಿದರು. ನವ್ಯ ಎರಡು ಮಾರು ದೂರದಲ್ಲಿ ನಿಂತು ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಆ ನೋಟವನ್ನು ನಾನು ಬರೆಯಲಾರೆ.

ಹೊಸ ಚೀಲ ಬಂತು. ತೆಂಗಿನಕಾಯಿ ಇಟ್ಟರು. ‘ಸುಮಲತಮ್ಮಾ, ಬನ್ನಿ ತಾಯಿ, ಮೊದ್ಲು ನೀವು’ ಎಂದರು ಗುರುಸ್ವಾಮಿಗಳು. ನಾನು ಹೋದೆ. ಹಿಡಿ ತುಂಬ ಅಕ್ಕಿ ತೆಗೆದೆ. ಅವರು ತಲೆ ತಗ್ಗಿಸಿ ಚೀಲದ ಬಾಯಿ ನನ್ನ ಮುಂದೆ ಹಿಡಿದಿದ್ದರು. ತಲೆಯಲ್ಲಿ ಬಿಳಿ ಕೂದಲು ಎಷ್ಟೊಂದು ಆಗಿದೆ, ನಾನು ನೋಡಿಯೇ ಇರಲಿಲ್ಲ.

‘ನಾನು ಹಾಕಂಗಿಲ್ಲ ಸ್ವಾಮಿ’ ಎಂದೆ. ‘ಮಗಳು ತೀರ್ಕೊಂಡಿದ್ದು ನಂಗ್ಯಾರೂ ಹೇಳಿರ್ಲಿಲ್ಲ. ನನ್ನ ಸೂತಕ ಇವತ್ತಿಂದ ಶುರು.’

ಅಕ್ಕಿಯನ್ನು ತಟ್ಟೆಗೇ ಬಿಟ್ಟೆ. ಅವರು ತಲೆ ಎತ್ತಿದರೋ ಇಲ್ಲವೋ ಗೊತ್ತಿಲ್ಲ, ನಾನು ತಿರುಗಿ ನೋಡಲಿಲ್ಲ. ಹಿಂದಿನಿಂದ ಅತ್ತೆ ‘ಸುಮಾ, ಲೇ ಸುಮಾ’ ಎಂದು ಕೂಗುತ್ತಿದ್ದರು.

ರಸ್ತೆಯಲ್ಲಿ ರಾಜ್‌ಕುಮಾರ ಅವಳನ್ನು ಆಟೋ ಹತ್ತಿಸುತ್ತಿದ್ದ. ನಾನು ಹತ್ತಿರ ಹೋದೆ.

‘ನಿಂಗೆ ಗೊತ್ತಿತ್ತಾ?’ ಎಂದಳು ನವ್ಯ.

ಸುಳ್ಳು ಹೇಳಬಹುದಿತ್ತು. ‘ಐದನೇ ತಾರೀಕಿಂದ ಗೊತ್ತಿತ್ತು’ ಎಂದೆ.

ಅವಳು ಮುಖ ಆಚೆ ತಿರುಗಿಸಿದಳು. ನಾನೇ ಹತ್ತಿ ಅವಳ ಪಕ್ಕ ಕೂತೆ. ರಾಜ್‌ಕುಮಾರ ಡ್ರೈವರನ ಜೊತೆ ಮುಂದೆ ಕೂತ. ಅರುಳ್‌ಮೇರಿಯ ಗೇಟಿನ ಮುಂದೆ ನಿಲ್ಲಿಸಲು ಹೇಳಿದೆ. ಶೆಡ್ಡಿನಿಂದ ಸೀರೆ, ದಿಂಬು, ಈ ಪುಸ್ತಕ ತಂದುಕೊಂಡೆ. ತಂದುಕೊಳ್ಳಬೇಕಾದ್ದು ಎಲ್ಲಾ ಅಲ್ಲೇ ಇತ್ತು. ಎದುರಿನ ಮನೆಯೊಳಗೆ ಹೋಗುವ ಕೆಲಸವೇ ಬೀಳಲಿಲ್ಲ.

ಈಗ ಸಂಜೆ. ಉರಿಗಾಂನ ಈ ಲೈನ್ ಮನೆಗೆ ಇರುವುದು ಒಂದೇ ಕೋಣೆ, ನಡುವೆ ಒಂದು ಹಳೆಯ ಸೀರೆ ಅಡ್ಡ ಕಟ್ಟಿದ್ದಾರೆ. ರಾಜ್‌ಕುಮಾರನ ತಾಯಿ ನನಗೆ ಚಾಪೆ ಹಾಸಿ, ಟೀ ಕೊಟ್ಟು, ಏನೂ ಕೇಳದೆ ಹೊರಗೆ ಹೋಗಿ ಕೂತಿದ್ದಾರೆ. ಸೀರೆಯ ಆ ಕಡೆ ನವ್ಯ ಮಲಗಿದ್ದಾಳೆ. ನಿದ್ದೆ ಬಂದಿಲ್ಲ, ಬಳೆಯ ಸದ್ದು ಕೇಳಿಸುತ್ತಿದೆ.

ಎರಡು ಸಲ ಹೆಸರು ಹಿಡಿದು ಕರೆದೆ. ಅವಳು ಓಗೊಡಲಿಲ್ಲ.